ಏಳನೇ ಬಿ ಸೆಕ್ಷನ್ ಒಡೆದ ಮನೆ

ಊಟದ ಬಿಡುವಿಗೆ ಇನ್ನೂ ಒಂದು ಪಿರಿಯಡ್ ಬಾಕಿ ಇತ್ತು. ಅಟೆಂಡರ್ ಸ್ಟಾಫ್ ರೂಮಿನ ಬಾಗಿಲಲ್ಲಿ ತಲೆ ತೂರಿಸಿ, "ಸಾರ್, ನಿಮ್ಮ ಮನೆ ಒಡೆದು ಹಾಕಿದ್ರಂತೆ" ಅಂದ.

ಡ್ರಾಯಿಂಗ್ ಮೇಷ್ಟ್ರು ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು. "ಯಾರೋ? ನಗರಸಭೆಯವರಾ?"

"ಅಲ್ಲ ಸಾರ್. ಏಳನೇ ಬಿ ಸೆಕ್ಷನ್."

ಗಣಿತದ ಮೇಡಂ ತಿದ್ದುತ್ತಿದ್ದ ಉತ್ತರ ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡರು. ಪತ್ರಿಕೆ ಗಡಗಡ ಅಲುಗುತ್ತಿತ್ತು. ವಿಜ್ಞಾನದ ಮೇಷ್ಟ್ರು ಕಿಟಕಿಯ ಆಚೆ ಏನೋ ಬಹಳ ಮುಖ್ಯವಾದದ್ದು ಕಂಡವರಂತೆ ಆ ಕಡೆ ತಿರುಗಿಬಿಟ್ಟರು. ಅಂದರೆ ಸುದ್ದಿ ಎಲ್ಲರಿಗೂ ಮೊದಲೇ ಮುಟ್ಟಿತ್ತು. ಮುಟ್ಟದೆ ಉಳಿದವರು ಮನೆ ಕಳೆದುಕೊಂಡವರೊಬ್ಬರೇ.

ಮಕ್ಕಳು ಅವರಿಗೆ ಇಟ್ಟ ಹೆಸರು ಕೈವಾರ ಮೇಷ್ಟ್ರು. ಎತ್ತರದ ಸಣಕಲು ಮೈ, ಉದ್ದುದ್ದ ಕಾಲು, ಚೂಪು ಮೂಗು. ಇದ್ದಲ್ಲಿಂದ ಕದಲದೆ ಸುತ್ತಲಿದ್ದವರನ್ನೆಲ್ಲ ಚುಚ್ಚುವುದು ಅವರ ಸ್ವಭಾವ. ಅಂಕುಡೊಂಕು ಗೆರೆ ಎಳೆದವರಿಗೆ "ಏನೋ ಇದು, ಎರೆಹುಳ ತೆವಳಿದ ಹಾಗಿದೆ" ಅನ್ನುವರು. ನೇರ ಗೆರೆ ಎಳೆದವರಿಗೆ "ಸ್ಕೇಲ್ ಇಟ್ಟೆಯಲ್ವಾ ಕಳ್ಳ" ಅನ್ನುವರು. ಒಟ್ಟಿನಲ್ಲಿ ಅವರ ಕ್ಲಾಸಿನಿಂದ ಯಾರೂ ಬೈಸಿಕೊಳ್ಳದೆ ಹೊರಗೆ ಬಂದದ್ದಿಲ್ಲ. ಆದರೂ ಅವರ ಕೈ ಮಾತ್ರ ಬಂಗಾರದ್ದು. ಸೀಮೆಸುಣ್ಣದ ಒಂದೇ ಬೀಸಿಗೆ ಬೋರ್ಡಿನ ಮೇಲೆ ದುಂಡನೆಯ ಚಂದ್ರನನ್ನು ಇಳಿಸುತ್ತಿದ್ದರು.

ಆ ಬೋರ್ಡು ಈಗ ಇಲ್ಲ. ಹೋದ ವರ್ಷ ಯಾವುದೋ ಸಂಸ್ಥೆಯವರು ಶಾಲೆಗೆ ಕಂಪ್ಯೂಟರುಗಳನ್ನು ಕೊಟ್ಟಾಗ ಹೆಡ್ ಮೇಡಂ ಡ್ರಾಯಿಂಗ್ ರೂಮನ್ನೇ ಖಾಲಿ ಮಾಡಿಸಿದರು. ಬಣ್ಣದ ಡಬ್ಬಿಗಳು, ಈಸೆಲ್ಲುಗಳು, ಮೇಷ್ಟ್ರು ಮೂವತ್ತು ವರ್ಷ ಕೂಡಿಟ್ಟ ಮಾದರಿ ಚಿತ್ರಗಳು ಎಲ್ಲ ಮೆಟ್ಟಿಲ ಕೆಳಗಿನ ಗೂಡು ಸೇರಿದವು. ಗಾಯಕ್ಕೆ ಉಪ್ಪು ಸವರಿದ ಹಾಗೆ, ಆ ರೂಮಿಗೆ ಕಂಪ್ಯೂಟರ್ ಮೇಷ್ಟ್ರಾಗಿ ಬಂದವನು ಅವರ ಸ್ವಂತ ಬಾಮೈದ.

ಭಾವ ಬಾಮೈದರದ್ದು ಎಣ್ಣೆ ಸೀಗೆಕಾಯಿ ಸಂಬಂಧ. ಅದಕ್ಕೆ ಕಾರಣ ಒಂದು ಮನೆ. ಮೇಷ್ಟ್ರು ಮದುವೆಯಾಗಿ ಮಾವನ ಮನೆಗೇ ಬಂದು ಸೇರಿದವರು. ಮನೆ ಅಳಿಯ ಅನ್ನುವ ಮಾತು ಯಾರ ಬಾಯಿಂದ ಬಿದ್ದರೂ ಕಾದ ಸರಳು ಇಟ್ಟಂತೆ ಉರಿಯುತ್ತಿದ್ದರು. ಓಣಿಯ ಕೊನೆಯಲ್ಲಿ ಆ ಮನೆ. ಮುಂದೆ ಶಾಲೆಗೆ ಹೋಗುವ ರಸ್ತೆ, ಹಿತ್ತಿಲ ಕೆಳಗೆ ತಗ್ಗಿನಲ್ಲಿ ಒತ್ತೊತ್ತಾಗಿ ನಿಂತ ಮನೆಗಳ ಸಾಲು. ಮಾವನೊಬ್ಬರೇ ಯಜಮಾನರಾಗಿದ್ದಾಗ ಆ ಕೆಳಗಿನ ಸಾಲಿನವರು ಹಿತ್ತಿಲು ಹಾದು, ಮನೆಯ ಪಕ್ಕದಿಂದ ಬಂದು, ಓಣಿ ಹಿಡಿದು ಹೋಗುತ್ತಿದ್ದರು. ಅಳಿಯ ಬಂದ ಹೊಸತರಲ್ಲಿ ಮಾಡಿದ ಮೊದಲ ಕೆಲಸವೆಂದರೆ ಹಿತ್ತಿಲಿಗೆ ಗೋಡೆ ಎಬ್ಬಿಸಿದ್ದು. ಮೇಲೆ ಗಾಜಿನ ಚೂರುಗಳನ್ನು ಅವರೇ ಕೈಯಾರೆ ನೆಟ್ಟರು. ಈ ಮನೆಗೆ ಯಜಮಾನ ಯಾರು ಅನ್ನುವುದನ್ನು ಊರಿಗೆ ಓದಿಸಲು ಅವರಿಗೆ ಬೇರೆ ಫಲಕ ಬೇಕಿರಲಿಲ್ಲ. ಅಂದಿನಿಂದ ಕೆಳಗಿನವರು ಲಾರಿಗಳು ನುಗ್ಗುವ ಗೋದಾಮಿನ ರಸ್ತೆಯಲ್ಲಿ ಸುತ್ತಿ ಬರುತ್ತಿದ್ದಾರೆ.

ಮಾವ ಸಾಯುವ ಮುಂಚೆ ಮನೆಯನ್ನು ಮಗಳ ಹೆಸರಿಗೆ ಬರೆದರು. ಇದು ಮೇಷ್ಟ್ರಿಗೂ ಗೊತ್ತು, ಬಾಮೈದನಿಗೂ ಗೊತ್ತು. ಆದರೂ ಮೇಷ್ಟ್ರು "ನನ್ನ ಮನೆ" ಅಂದೇ ಹೇಳುವರು, ಬಾಮೈದ "ನಮ್ಮಪ್ಪನ ಮನೆ" ಅಂದೇ ಹೇಳುವನು. ಬೇರೆ ಊರಲ್ಲಿ ಕೆಲಸ ಮಾಡಿ ವಾಪಸ್ಸು ಬಂದ ಅವನು ಹಿತ್ತಿಲ ಕೋಣೆಯಲ್ಲಿ ಇರುತ್ತೇನೆಂದು ಕೇಳಿದ್ದ. "ಅಲ್ಲಿ ಸೌದೆ ಇದೆ" ಅಂದು ಮೇಷ್ಟ್ರು ಬಾಗಿಲು ಹಾಕಿಕೊಂಡರು. ಈಗ ಅವನು ಬಾಡಿಗೆ ಕೋಣೆಯಲ್ಲಿದ್ದಾನೆ, ಸೌದೆ ಹಿತ್ತಿಲ ಕೋಣೆಯಲ್ಲಿದೆ.

ಇಷ್ಟೆಲ್ಲ ಹಿನ್ನೆಲೆ ತಲೆಯಲ್ಲಿ ಕುದಿಯುತ್ತಿರುವಾಗ ಮೇಷ್ಟ್ರು ಕಂಪ್ಯೂಟರ್ ರೂಮಿನ ಬಾಗಿಲನ್ನು ದಡಾರನೆ ತಳ್ಳಿದರು.

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಅವರ ಓಣಿ ಇತ್ತು. ಇಟ್ಟಿಗೆಯಂಥ ಬಣ್ಣದ ಚೌಕಗಳನ್ನು ಒಂದರ ಮೇಲೊಂದು ಪೇರಿಸಿ ಲೋಕವನ್ನೇ ಕಟ್ಟುವ ವಿಡಿಯೋ ಗೇಮ್ ಅದು. ಮಕ್ಕಳು ಟೇಪು ಹಿಡಿದು ಬಡಾವಣೆ ತಿರುಗಿ, ಅಳೆದು, ಬರೆದುಕೊಂಡು ಬಂದು, ಇದ್ದದ್ದನ್ನು ಇದ್ದ ಹಾಗೆ ಆಟದೊಳಗೆ ಎಬ್ಬಿಸಿದ್ದರು. ಆಮೇಲೆ, ಹೇಗಿದ್ದರೆ ಚೆನ್ನ ಅಂತ ಯೋಚಿಸಿ ಬದಲಿಸುವುದು ಪಾಠ. ಕಿರಾಣಿ ಅಂಗಡಿ ಇತ್ತು, ಸೋರುವ ನೀರಿನ ಟ್ಯಾಂಕು ಇತ್ತು, ಬಸ್ ನಿಲ್ದಾಣದ ಮುರಿದ ಬೆಂಚೂ ಇತ್ತು. ಓಣಿಯ ಕೊನೆಯಲ್ಲಿ ಮಾತ್ರ ಮೇಷ್ಟ್ರ ಮನೆ ಇರಬೇಕಾದ ಕಡೆ ಅಗಲವಾದ ರಸ್ತೆ, ಅದರ ಬದಿಗೆ ಹೂವಿನ ಪಾತಿ. ಪಾತಿಯ ನಡುವೆ ಕೋಲು ಹಿಡಿದ ಒಂದು ಉದ್ದನೆಯ ಬೆದರುಗೊಂಬೆ.

ಅದರ ಮೂಗು ಚೂಪಾಗಿತ್ತು.

"ಯಾರು ಮಾಡಿದ್ದು ಇದು?"

ಎದ್ದು ನಿಂತವಳು ಎರಡು ಜಡೆಯ ಒಬ್ಬ ಹುಡುಗಿ. ಹಿತ್ತಿಲ ಕೆಳಗಿನ ಮನೆಗಳ ಸಾಲಿನವಳು. ಕಿಡಿ ಸೋಕುವ ಮೊದಲೇ ಸಿಡಿಯುತ್ತಾಳೆಂದು ಶಾಲೆಯೆಲ್ಲ ಅವಳನ್ನು ಪಟಾಕಿ ಅನ್ನುತ್ತಿತ್ತು. "ಎಲ್ರೂ ಸೇರಿ ಸಾರ್. ಕೈ ಎತ್ತಿಸಿ ವೋಟ್ ಹಾಕಿದ್ವಿ."

"ಬೆದರುಗೊಂಬೆಗೂ ವೋಟ್ ಹಾಕಿದ್ರೇನೇ?"

"ಅದಕ್ಕೇ ಜಾಸ್ತಿ ಬಿತ್ತು ಸಾರ್."

ಕ್ಲಾಸು ಗೊಳ್ಳೆಂದಿತು. ಬಾಮೈದ ನಗು ತಡೆದುಕೊಳ್ಳಲು ಕೆಮ್ಮಿದ. ಮೇಷ್ಟ್ರು ಅವನ ಕಡೆ ತಿರುಗಿದರು. "ಕೋಣೆ ಕೊಡ್ಲಿಲ್ಲ ಅಂತ ಮಕ್ಕಳ ಕೈಲಿ ಮನೆ ಒಡಿಸ್ತೀಯೇನೋ?"

"ಭಾವ, ಇದು ಆಟ. ಮಕ್ಕಳು ಅವರಾಗೇ—"

"ಶಾಲೇಲಿ ಭಾವ ಗೀವ ಅನ್ಬೇಡ!"

"ಸರಿ ಸಾರ್. ಇದು ಆಟ ಸಾರ್. ನಾನು ಒಂದು ಇಟ್ಟಿಗೇನೂ ಮುಟ್ಟಿಲ್ಲ ಸಾರ್."

ಆ ಮೂರು ಸಾರ್‌ಗಳು ಮೂರು ಕಪಾಳಮೋಕ್ಷಕ್ಕೆ ಸಮ. ಮೇಷ್ಟ್ರು ಅಲ್ಲಿಂದ ನೇರ ಹೆಡ್ ಮೇಡಂ ಬಳಿಗೆ ಹೋದರು. ಆಟದ ಹೆಸರಲ್ಲಿ ಹಿರಿಯರಿಗೆ ಅವಮಾನ ಕಲಿಸುತ್ತಿದ್ದಾರೆ, ಕಣ್ಣು ಹಾಳು, ಕೈಬರಹ ಹಾಳು, ಇದನ್ನು ಇವತ್ತೇ ನಿಲ್ಲಿಸಬೇಕು ಎಂದು ಮೇಜು ಗುದ್ದಿದರು. ಹೆಡ್ ಮೇಡಂ ಮಾತಿನಲ್ಲಿ ಜೇನು, ಕೆಲಸದಲ್ಲಿ ಕತ್ತರಿ. "ನಿಲ್ಸೋಕಾಗಲ್ಲ ಮೇಷ್ಟ್ರೇ, ವರ್ಷದ ಕೊನೇಲಿ ನಗರಸಭೆ ಇಂಜಿನಿಯರ್ ಮುಂದೆ ತೋರಿಸ್ಬೇಕು. ಬೇಕಿದ್ರೆ ನೀವೂ ಸೇರ್ಕೊಳ್ಳಿ. ಟೀಚರ್‌ಗಳಿಗೂ ಪಾಸ್‌ವರ್ಡ್ ಇದೆ. ನೀವೊಬ್ರೇ ಇನ್ನೂ ತಗೊಂಡಿಲ್ಲ" ಅಂದರು.

ಸಂಜೆ ಮನೆಗೆ ಬಂದರೆ ಹೆಂಡತಿ ಆಸ್ಪತ್ರೆಯಿಂದ ಆಗಷ್ಟೇ ಬಂದು ಕಾಲು ಚಾಚಿ ಕೂತಿದ್ದಳು. ಅವಳು ಹೆರಿಗೆ ವಾರ್ಡಿನ ನರ್ಸು. ಆ ಬಡಾವಣೆಯ ಅರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡ ಕೈ ಅವಳದು. ಮೇಷ್ಟ್ರು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. "ನಿನ್ನ ತಮ್ಮ ನಮ್ಮ ಮನೆ ನೆಲಸಮ ಮಾಡ್ಸಿದ. ಅಲ್ಲಿ ನನ್ನ ಬೊಂಬೆ ನಿಲ್ಸಿದಾರೆ."

"ಚೆನ್ನಾಗಿತ್ತಾ?"

"ಏನು?"

"ಬೊಂಬೆ."

"ನಿನಗೂ ತಮಾಷೆಯಾ?"

"ಹಗಲೆಲ್ಲ ನಿಂತು ಕಾಲು ಬಾತಿದೆ ರೀ. ಅವನು ಬಂದ್ರೆ ನಿಮ್ಮ ದೂರು, ನೀವು ಬಂದ್ರೆ ಅವನ ದೂರು. ಇಬ್ರೂ ಒಂದಿನ ನನ್ನ ಏನು ಬೇಕು ಅಂತ ಕೇಳಿದ್ದಿಲ್ಲ." ಅವಳು ಎದ್ದು ಒಳಗೆ ಹೋದಳು. ಆ ಮಾತು ಮೇಷ್ಟ್ರ ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ. ಅವರ ತಲೆಯಲ್ಲಿ ಪಾಸ್‌ವರ್ಡೇ ತುಂಬಿತ್ತು.

ಮರುದಿನ ಊಟದ ಬಿಡುವಿನಲ್ಲಿ ಅವರು ಕಂಪ್ಯೂಟರ್ ರೂಮಿನ ಮೂಲೆಯಲ್ಲಿ ಹೋಗಿ ಕೂತರು. ಮೌಸನ್ನು ಹಾವಿನ ಹೆಡೆ ಅದುಮಿದಂತೆ ಅದುಮಿ ಹಿಡಿದರು. ಆಟದೊಳಗೆ ಹೆಜ್ಜೆಯಿಟ್ಟ ಕೂಡಲೇ ಹಳ್ಳಕ್ಕೆ ಬಿದ್ದರು. ಎದ್ದರು, ಗೋಡೆಗೆ ಡಿಕ್ಕಿ ಹೊಡೆದರು, ಆಕಾಶ ನೋಡುತ್ತ ಗಿರಗಿರ ತಿರುಗಿದರು. ಕಿಟಕಿಯಲ್ಲಿ ತಲೆಗಳು ಒಂದರ ಮೇಲೊಂದು ಪೇರಿಕೊಂಡವು. ಪಟಾಕಿ ತನ್ನ ಜಾಗದಲ್ಲಿ ಕೂತು ಕೆಲಸ ಮಾಡುತ್ತಿದ್ದಳು.

"ಏಯ್, ಇಟ್ಟಿಗೆ ಇಡೋದಕ್ಕೆ ಯಾವುದು ಒತ್ತೋದೇ?"

"ಹೇಳಲ್ಲ ಸಾರ್."

"ಮೇಷ್ಟ್ರು ಕೇಳಿದ್ರೆ ಹೇಳಲ್ವಾ?"

"ಹೇಳಿದ್ರೆ ನೀವು ಗೋಡೆ ಕಟ್ತೀರಿ."

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮೇಷ್ಟ್ರು ಹಲ್ಲು ಕಡಿದು ಮತ್ತೆ ಮೌಸಿನ ಕಡೆ ತಿರುಗಿದರು. ಬಾಮೈದನನ್ನು ಕೇಳುವುದಕ್ಕಿಂತ ಆ ಹಳ್ಳದಲ್ಲೇ ಬಿದ್ದಿರುವುದು ಮೇಲು ಅನ್ನಿಸಿತು. ಆದರೆ ಅವರು ಕೈ ನೋಡಿ ಕಲಿಸುವ ಮನುಷ್ಯ, ಕೈ ನೋಡಿ ಕಲಿಯುವುದೂ ಗೊತ್ತಿತ್ತು. ಮಕ್ಕಳ ಬೆರಳುಗಳು ಎಲ್ಲೆಲ್ಲಿ ಓಡುತ್ತವೆಂದು ಓರೆಗಣ್ಣಲ್ಲಿ ನೋಡುತ್ತ ನೋಡುತ್ತ ಒಂದು ವಾರದಲ್ಲಿ ನಡೆಯಲು ಬಂತು, ಅಗೆಯಲು ಬಂತು, ಕಟ್ಟಲೂ ಬಂತು. ಕಟ್ಟಲು ಬಂದ ದಿನವೇ ಹೂವಿನ ಪಾತಿ ಅಗೆದು, ಬೆದರುಗೊಂಬೆಯನ್ನು ಕಿತ್ತು, ಮನೆ ಎಬ್ಬಿಸಿ, ಹಿತ್ತಿಲಿಗೆ ಗೋಡೆ ಹಾಕಿದರು.

ಬೆಳಿಗ್ಗೆ ನೋಡಿದರೆ ಗೋಡೆ ಇಲ್ಲ.

ಮೇಷ್ಟ್ರು ಎರಡಾಳು ಎತ್ತರಕ್ಕೆ ಕಟ್ಟಿದರು. ಮಕ್ಕಳು ಕೆಳಗಿನಿಂದ ಸುರಂಗ ತೋಡಿದರು. ಮೇಷ್ಟ್ರು ಅಡಿಪಾಯಕ್ಕೆ ಕರಿಕಲ್ಲು ತುಂಬಿದರು. ಮಕ್ಕಳು ಮೇಲಿನಿಂದ ಏಣಿ ಇಟ್ಟರು. ಮೇಷ್ಟ್ರು ಗೋಡೆಯ ಮುಂದೆ ಕಂದಕ ತೋಡಿ ಉರಿಯುವ ಬೆಂಕಿ ಹರಿಸಿದರು. ಮಕ್ಕಳು ಅದರ ಮೇಲೆ ಸೇತುವೆ ಹಾಕಿ, ಸೇತುವೆಗೆ "ಮೇಷ್ಟ್ರ ಸೇತುವೆ" ಎಂದು ಫಲಕ ಬರೆದರು. ಶಾಲೆಯಲ್ಲಿ ಬೇರೆ ಮಾತೇ ಇಲ್ಲವಾಯಿತು. ಗಣಿತದ ಮೇಡಂ ದಿನವೂ ಬಂದು "ಇವತ್ತು ಯಾರು ಗೆದ್ರು?" ಅಂತ ಅಟೆಂಡರ್‌ನನ್ನು ಕೇಳುವರು. ಮೇಷ್ಟ್ರಿಗೆ ನಿದ್ದೆ ಕಡಿಮೆಯಾಯಿತು, ಹಸಿವು ಜಾಸ್ತಿಯಾಯಿತು. ಊಟ ಮಾಡುವಾಗಲೂ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಗೋಡೆ ಎಳೆಯುವರು. ಎಷ್ಟೋ ವರ್ಷಗಳಿಂದ ಇಷ್ಟು ದ್ವೇಷದಿಂದ, ಇಷ್ಟು ಹುರುಪಿನಿಂದ ಅವರು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಕೊನೆಗೆ ಒಂದು ದಿನ ಅವರು ಕ್ಲಾಸು ನಡೆಯುತ್ತಿರುವಾಗಲೇ ಒಳಗೆ ಹೋಗಿ ನಿಂತರು. "ನಿಮ್ಮ ಆಟಕ್ಕೆ ಒಂದು ನಿಯಮ ಇದೆಯಂತಲ್ಲ. ಏನು ಬದಲಿಸಿದ್ರೂ ಎಲ್ಲರನ್ನೂ ಕೇಳಿ ಬದಲಿಸ್ಬೇಕು ಅಂತ. ನನ್ನ ಮನೆ ಒಡೆಯುವಾಗ ನನ್ನ ಕೇಳಿದ್ರಾ?"

ಬಾಮೈದ ಬಾಯಿ ತೆರೆದ. ಅವನಿಗಿಂತ ಮೊದಲು ಪಟಾಕಿ ಸಿಡಿದಳು. "ನೀವು ಗೋಡೆ ಕಟ್ಟುವಾಗ ನಮ್ಮಜ್ಜೀನ ಕೇಳಿದ್ರಾ ಸಾರ್?"

"ನಿಮ್ಮಜ್ಜಿ ಯಾರು?"

"ಪೇಟೇಲಿ ಸೊಪ್ಪು ಮಾರ್ತಾರೆ. ಗೋದಾಮಿನ ರಸ್ತೆಗೆ ಹೋಗಿ ಸುತ್ತಿ ಬರ್ಬೇಕು. ಲಾರಿಯವರು ಹಾರ್ನ್ ಹೊಡೆದು ಬೈತಾರೆ. ಒಂದ್ಸಲ ಬುಟ್ಟಿ ಎಲ್ಲಾ ಚರಂಡಿಗೆ ಬಿತ್ತು. ಮೊದಲು ನಿಮ್ಮ ಹಿತ್ತಿಲಲ್ಲೇ ಬರ್ತಿದ್ರಂತೆ. ನಿಮ್ಮ ಮಾವ ನೀರು ಕೊಟ್ಟು ಕಳಿಸ್ತಿದ್ರಂತೆ."

ಮಾವನ ಹೆಸರು ಬಂದದ್ದೇ ತಡ ಮೇಷ್ಟ್ರ ಮುಖ ಬಿಗಿಯಿತು. "ಗುರುಗಳ ಜೊತೆ ಹೀಗಾ ಮಾತಾಡೋದು?" ಅಂದು ಹೊರಗೆ ನಡೆದರು. ಉತ್ತರ ಸಿಗದಿದ್ದಾಗ ಎಲ್ಲ ಮೇಷ್ಟ್ರುಗಳೂ ಆಡುವ ಮಾತು ಅದು. ಅದು ಅವರಿಗೂ ಗೊತ್ತಿತ್ತು, ಹಾಗಾಗಿ ಇನ್ನೂ ಹೊಟ್ಟೆ ಉರಿಯಿತು.

ಆ ರಾತ್ರಿಯಲ್ಲ, ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ಹಲ್ಲುಜ್ಜುತ್ತ ನಿಂತಾಗ ಅವರಿಗೆ ಅದು ಹೊಳೆಯಿತು. ಗೋಡೆ, ಅದಕ್ಕೆ ಒತ್ತಿಕೊಂಡ ಸೌದೆ ಕೋಣೆ, ಮನೆಯ ಪಕ್ಕದ ಖಾಲಿ ಪಟ್ಟೆ, ಆಮೇಲೆ ಓಣಿ. ಮನೆಗೆ ಒಂದು ಕೂದಲೂ ಕೊಂಕದಂತೆ ದಾರಿ ಬಿಡಬಹುದು. ಹೋಗುವುದು ಹಿತ್ತಿಲ ಕೋಣೆಯೊಂದೇ. ಬಾಮೈದ ಕಣ್ಣು ಹಾಕಿ ಕೂತಿರುವ ಅದೇ ಕೋಣೆ. ಮೇಷ್ಟ್ರು ಬಾಯಲ್ಲಿದ್ದ ನೊರೆ ಉಗುಳಿ ಬಹಳ ದಿನಗಳ ಮೇಲೆ ನಕ್ಕರು. ಆ ನಗುವಿನಲ್ಲಿ ಒಳ್ಳೆಯದೇನೂ ಇರಲಿಲ್ಲ.

ಮುಂದಿನ ದಿನಗಳಲ್ಲಿ ಅವರು ಗೋಡೆಯ ತಂಟೆಗೆ ಹೋಗಲಿಲ್ಲ. ಮೊದಲು ಕಾಗದದ ಮೇಲೆ ನಕ್ಷೆ ಬರೆದರು. ಏರು ಎಷ್ಟು, ತಗ್ಗು ಎಷ್ಟು, ಬಿಸಿಲು ಯಾವ ಕಡೆಯಿಂದ, ಮಳೆ ನೀರು ಯಾವ ಕಡೆಗೆ, ಎಲ್ಲ. ಆಮೇಲೆ ಆಟದೊಳಗೆ ಕಟ್ಟಿದರು. ಕಡಿದಾದ ಕಡೆ ಅಗಲ ಮೆಟ್ಟಿಲು, ಪಕ್ಕದಲ್ಲಿ ಗಾಡಿ ತಳ್ಳಲು ಇಳಿಜಾರು. ನಡುದಾರಿಯಲ್ಲಿ ಬುಟ್ಟಿ ಇಳಿಸಿ ಕೂರಲು ಕಲ್ಲಿನ ಕಟ್ಟೆ. ಮೇಲೆ ಒಂದು ಮರ, ತಿರುವಿನಲ್ಲಿ ದೀಪ. ಆಟದಿಂದ ಹೊರಗೆ ಬರುವಷ್ಟರಲ್ಲಿ ಹಿತ್ತಿಲ ಕೋಣೆಯ ಒಂದು ಇಟ್ಟಿಗೆಯೂ ಉಳಿಯದಂತೆ ನೋಡಿಕೊಂಡರು. ಹೊಟ್ಟೆಕಿಚ್ಚಿನಿಂದ ಕಟ್ಟಿದ್ದಾದರೂ ಕೈ ತನ್ನ ಗುಣ ಬಿಡಲಿಲ್ಲ. ದಾರಿ ಚೆಂದವಾಗಿತ್ತು.

ಮಕ್ಕಳು ಅದನ್ನು ನೋಡಿ ಮೊದಲು ಅನುಮಾನಪಟ್ಟರು. ಎಲ್ಲಾದರೂ ಗುಂಡಿ ಇಟ್ಟಿದ್ದಾರೆಯೇ ಎಂದು ಮೆಟ್ಟಿಲು ಮೆಟ್ಟಿಲೂ ತಟ್ಟಿ ನೋಡಿದರು. ಪಟಾಕಿ ಕಟ್ಟೆಯ ತನಕ ಹೋಗಿ ನಿಂತು, ಮೇಷ್ಟ್ರ ಕಡೆ ತಿರುಗಿ, "ಯಾಕೆ ಸಾರ್ ಒಳ್ಳೇದು ಮಾಡಿದ್ರಿ?" ಅಂದಳು.

"ವೋಟ್ ಹಾಕ್ತೀಯೋ ಇಲ್ವೋ ಅಷ್ಟು ಹೇಳು."

ಎಲ್ಲ ಕೈಗಳೂ ಎದ್ದವು. ಬಾಮೈದನ ಮುಖ ಮಾತ್ರ ಸುಣ್ಣ ಬಳಿದಂತಾಯಿತು. ಕ್ಲಾಸು ಬಿಟ್ಟ ಮೇಲೆ ಅವನು ಬಾಗಿಲಿಗೆ ಅಡ್ಡ ನಿಂತ. "ಇದು ಬೇಕಂತಾನೇ ಮಾಡಿದ್ದು ನೀವು. ಆ ಕೋಣೇಲಿ ನಾನು ಹುಟ್ಟಿದ್ದು ಭಾವ."

"ಅಯ್ಯೋ, ಆಟ ಕಣಯ್ಯ" ಅಂದರು ಮೇಷ್ಟ್ರು. "ನಾನು ಮುಟ್ಟಿದ್ದು ಕಂಪ್ಯೂಟರಿನ ಇಟ್ಟಿಗೆ."

"ನೀವು ಮನುಷ್ಯರಲ್ಲ."

"ಬೆದರುಗೊಂಬೆ ಅಂತ ನಿನ್ನ ಶಿಷ್ಯರೇ ಹೇಳಿದಾರಲ್ಲ."

ಅಂದಿನಿಂದ ಇಬ್ಬರೂ ಕಾರಿಡಾರಿನಲ್ಲಿ ಎದುರಾದರೆ ಒಬ್ಬರು ಗೋಡೆ ನೋಡುವರು, ಇನ್ನೊಬ್ಬರು ಗಡಿಯಾರ ನೋಡುವರು. ಮಾತು ಸಂಪೂರ್ಣ ಬಂದ್.

ಪ್ರದರ್ಶನದ ದಿನ ಶಾಲೆಯ ಸಭಾಂಗಣ ತುಂಬಿತ್ತು. ಕೆಳಗಿನ ಸಾಲಿನವರು ಒಂದು ಬದಿ, ಓಣಿಯವರು ಇನ್ನೊಂದು ಬದಿ. ನಡುವೆ ಯಾರೂ ಕೂರದ ಒಂದು ಸಾಲು ಕುರ್ಚಿ. ಓಣಿಯವರಲ್ಲಿ ಒಬ್ಬರು, ದಾರಿ ಬಿಟ್ಟರೆ ಕಳ್ಳತನ ಹೆಚ್ಚುತ್ತದೆಂದು ಎಲ್ಲರಿಗೂ ಕೇಳುವಂತೆ ಗೊಣಗಿದರು. ಕೆಳಗಿನವರಲ್ಲಿ ಒಬ್ಬಳು, "ನಿಮ್ಮ ಮನೇಲಿ ಕದಿಯೋಕೆ ಏನಿದೆ, ಪಾತ್ರೆ ನಾನೇ ತೊಳಿತೀನಲ್ಲ" ಅಂದಳು. ಹೆಡ್ ಮೇಡಂ ಇಬ್ಬರಿಗೂ ಒಂದೇ ನಗು ಬೀರಿ ಮೈಕಿನ ಸದ್ದು ಹೆಚ್ಚಿಸಿದರು. ಮೇಷ್ಟ್ರ ಹೆಂಡತಿ ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು.

ಮಕ್ಕಳು ಬಡಾವಣೆಯನ್ನು ಪರದೆಯ ಮೇಲೆ ತಿರುಗಿಸಿ ತೋರಿಸಿದರು. ಬಸ್ ನಿಲ್ದಾಣಕ್ಕೆ ನೆರಳು, ಚರಂಡಿಗೆ ಮುಚ್ಚಳ. ಕೊನೆಗೆ ಪಟಾಕಿ ಎಲ್ಲರನ್ನೂ ಆ ದಾರಿಯಲ್ಲಿ ನಡೆಸಿಕೊಂಡು ಹೋದಳು. ಮೆಟ್ಟಿಲು, ಕಟ್ಟೆ, ಮರ, ದೀಪ. ನಗರಸಭೆ ಇಂಜಿನಿಯರ್ ಕನ್ನಡಕ ಒರೆಸಿ ಮತ್ತೊಮ್ಮೆ ತೋರಿಸಲು ಹೇಳಿದ.

"ಇದನ್ನ ಯಾರು ಯೋಚಿಸಿದ್ದು?"

"ನಮ್ಮ ಡ್ರಾಯಿಂಗ್ ಮೇಷ್ಟ್ರು" ಅಂದಳು ಪಟಾಕಿ. ಮೆಚ್ಚುಗೆಯ ಒಂದು ಹನಿಯೂ ಇಲ್ಲದೆ, ಹಾಜರಿ ಕೂಗಿದಂತೆ.

"ಚೆನ್ನಾಗಿದೆ. ಇದನ್ನ ನಿಜವಾಗ್ಲೂ ಮಾಡ್ಬಹುದು. ಕಲ್ಲು ಹಾಸೋದು, ದೀಪ ಹಾಕೋದು ನಗರಸಭೆ ಮಾಡುತ್ತೆ. ಆದ್ರೆ ಜಾಗ ಖಾಸಗಿಯವರದ್ದು. ಮನೆಯವರು ಒಪ್ಪಬೇಕು." ಇಂಜಿನಿಯರ್ ಸುತ್ತ ನೋಡಿದ. "ಮನೆಯವರು ಯಾರು?"

ಮೇಷ್ಟ್ರು ಒಡೆದದ್ದು ಬಾಮೈದನ ಆಸೆಯನ್ನು, ಸ್ವಂತ ಹಿತ್ತಿಲನ್ನಲ್ಲ. ಎದ್ದು ನಿಂತು, "ಸಾಧ್ಯ ಇಲ್ಲ" ಅಂದರು. ಅದೇ ಹೊತ್ತಿಗೆ ಕಂಪ್ಯೂಟರಿನ ಪಕ್ಕದಲ್ಲಿದ್ದ ಬಾಮೈದನೂ "ಸಾಧ್ಯ ಇಲ್ಲ" ಅಂದ. ಒಂದೇ ಮಾತು, ಒಂದೇ ಸ್ವರ. ಭಾವ ಬಾಮೈದ ಒಬ್ಬರನ್ನೊಬ್ಬರು ನೋಡಿಕೊಂಡರು. ಒಂದೇ ಎಲೆಯಲ್ಲಿ ಉಣ್ಣಲು ಕೂರಿಸಿದಂತೆ ಇಬ್ಬರಿಗೂ ಅಸಹ್ಯವಾಯಿತು.

"ಅದು ನನ್ನ ಮನೆ" ಅಂದರು ಮೇಷ್ಟ್ರು.

"ನಮ್ಮಪ್ಪನ ಮನೆ" ಅಂದ ಬಾಮೈದ.

"ಇಬ್ರೂ ಕೂತ್ಕೊಳ್ಳಿ."

ಹಿಂದಿನ ಸಾಲಿನಿಂದ ಬಂದ ಆ ದನಿ ಜೋರಾಗಿರಲಿಲ್ಲ. ಹೆರಿಗೆ ವಾರ್ಡಿನಲ್ಲಿ ಕಿರುಚಾಟದ ನಡುವೆ ಮಾತಾಡಿ ಅಭ್ಯಾಸವಾದ ದನಿ ಅದು. ಹೆಂಡತಿ ನಡುವಿನ ಖಾಲಿ ಸಾಲು ದಾಟಿ ಮುಂದೆ ಬಂದಳು. "ಇಂಜಿನಿಯರ್ ಸಾಹೇಬ್ರೇ, ಮನೆ ನನ್ನ ಹೆಸರಲ್ಲಿದೆ. ಇವರಿಬ್ರಿಗೂ ಅದು ಗೊತ್ತು. ಗೊತ್ತಿದ್ದೂ ಇಷ್ಟು ವರ್ಷ ನನ್ನ ಮನೇಗೋಸ್ಕರ ಇವರಿಬ್ರು ಹೊಡೆದಾಡಿದ್ರು. ನಾನು ಅನ್ನ ಬಡಿಸ್ತಾ ಕೇಳ್ತಾ ಇದ್ದೆ." ಅವಳು ಪಟಾಕಿಯ ಕಡೆ ತಿರುಗಿದಳು. "ಆ ದಾರಿ ಇನ್ನೊಂದ್ಸಲ ತೋರ್ಸಮ್ಮ. ಮೆಲ್ಲಗೆ."

ಪಟಾಕಿ ಮೆಲ್ಲಗೆ ತೋರಿಸಿದಳು. ಹಿತ್ತಿಲ ಕೋಣೆ ಇದ್ದ ಜಾಗದಲ್ಲಿ ಪರದೆ ಒಂದು ಗಳಿಗೆ ನಿಂತಿತು.

"ಅಕ್ಕ, ಆ ಕೋಣೆ ಬೇಡ ಅಕ್ಕ" ಅಂದ ಬಾಮೈದ.

"ನೀನು ಅದನ್ನ ಕೇಳಿದ್ದು ಯಾರನ್ನ? ಭಾವನ್ನ. ನನ್ನ ಒಂದಿನ ಕೇಳಿದ್ಯಾ? ಕೇಳಿದ್ರೆ ಆವತ್ತೇ ಕೊಡ್ತಿದ್ದೆ." ಅವಳು ಗಂಡನ ಕಡೆ ನೋಡಿದಳು. "ನೀವು ಅದನ್ನ ಒಡೆದದ್ದು ಯಾಕೆ ಅಂತ ನನಗೆ ಗೊತ್ತು. ದಾರಿ ಚೆನ್ನಾಗಿದೆ, ಮನಸ್ಸು ಚೆನ್ನಾಗಿಲ್ಲ. ನನಗೆ ದಾರಿ ಸಾಕು." ಆಮೇಲೆ ಇಂಜಿನಿಯರ್ ಕಡೆ ತಿರುಗಿ, "ನಾನು ಒಪ್ಪಿದೀನಿ. ಒಂದೇ ಷರತ್ತು. ಗೋಡೆ ಮೇಲಿನ ಗಾಜು ನಿಮ್ಮ ಕೂಲಿಯವರು ತೆಗೆಯೋದು ಬೇಡ. ನೆಟ್ಟವರೇ ತೆಗೀಲಿ" ಅಂದಳು.

ಕೆಳಗಿನ ಸಾಲಿನವರು ಚಪ್ಪಾಳೆ ತಟ್ಟಿದರು. ಓಣಿಯವರು ತಟ್ಟಲಿಲ್ಲ. ಮೇಷ್ಟ್ರು ಯಾರ ಮುಖವನ್ನೂ ನೋಡದೆ ಹೊರಗೆ ಹೋಗಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ತಮ್ಮ ಹಳೆಯ ಈಸೆಲ್ಲುಗಳ ನಡುವೆ ಬಹಳ ಹೊತ್ತು ನಿಂತಿದ್ದರು. ಸಿಟ್ಟು ಬರಲಿ ಎಂದು ಕಾದರು. ಬಂದದ್ದು ನಾಚಿಕೆ. ಅದನ್ನು ಏನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ.

ಗಾಜು ತೆಗೆಯಲು ಒಂದು ಭಾನುವಾರ ಪೂರ್ತಿ ಬೇಕಾಯಿತು. ಉಳಿ ಸುತ್ತಿಗೆ ಹಿಡಿದು ಏಣಿಯ ಮೇಲೆ ನಿಂತಿದ್ದ ಮೇಷ್ಟ್ರನ್ನು ಕೆಳಗಿನ ಸಾಲಿನವರು ಮನೆ ಬಾಗಿಲಲ್ಲಿ ಕೂತು ನೋಡಿದರು. ಯಾರೂ ಸಹಾಯಕ್ಕೆ ಬರಲಿಲ್ಲ, ಅವರೂ ಕೇಳಲಿಲ್ಲ. ಅಂಗೈ ಕೊಯ್ದುಕೊಂಡು ಒಳಗೆ ಬಂದಾಗ ಹೆಂಡತಿ ಗಾಯ ತೊಳೆದು ಪಟ್ಟಿ ಕಟ್ಟಿದಳು. ಬೇಕಾದ್ದಕ್ಕಿಂತ ತುಸು ಬಿಗಿಯಾಗಿಯೇ ಕಟ್ಟಿದಳು. ಆಮೇಲೆ ಒಂದು ತಿಂಗಳು ಆ ಮನೆಯಲ್ಲಿ ಉಪ್ಪು, ನೀರು, ಬೀಗದ ಕೈ ಇಷ್ಟರ ಹೊರತು ಬೇರೆ ಮಾತಿರಲಿಲ್ಲ.

ಬಾಮೈದ ಆ ಬೇಸಿಗೆಯಲ್ಲೇ ಬೇರೆ ಶಾಲೆಗೆ ಹೋದ. ಅಕ್ಕ ಅವನಿಗೆ ಮುಂದಿನ ಕೋಣೆ ಕೊಡುತ್ತೇನೆಂದಳು. ಅವನು ಬೇಡವೆಂದ. ಹಾಗಾಗಿ ಆಟದ ಕ್ಲಾಸಿಗೆ ಯಾರು ಎಂಬ ಪ್ರಶ್ನೆ ಬಂತು. ಹೆಡ್ ಮೇಡಂ ಸ್ಟಾಫ್ ರೂಮಿನಲ್ಲಿ ಸುತ್ತ ಕಣ್ಣಾಡಿಸಿ, ಜೇನು ಸುರಿಸಿ, "ಆ ಆಟ ಚೆನ್ನಾಗಿ ಬರೋದು ನಿಮ್ಮೊಬ್ರಿಗೇ ಅಲ್ವಾ ಮೇಷ್ಟ್ರೇ" ಅಂದರು. ಮೇಷ್ಟ್ರು ಆಗಲ್ಲ ಅಂದರು. ಮರುದಿನವೂ ಆಗಲ್ಲ ಅಂದರು. ಮೂರನೆಯ ದಿನ ಕ್ಲಾಸಿಗೆ ಹೋದರು.

ಅವರು ಬದಲಾಗಲಿಲ್ಲ. ಚೌಕಗಳನ್ನು ಎತ್ತಿ ಹೇಗೆಂದರೆ ಹಾಗೆ ಪೇರಿಸಿದವರಿಗೆ "ಇದು ಮನೆಯಾ, ಬಿದ್ದ ಗೂಡಾ?" ಅನ್ನುತ್ತಾರೆ. ನೆಲ ಅಳೆಯದೆ ಬಂದವರನ್ನು ಟೇಪು ಕೊಟ್ಟು ಬಿಸಿಲಿಗೆ ಅಟ್ಟುತ್ತಾರೆ. ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ ನಕ್ಷೆ ಬರೆಯಲೇಬೇಕು, ಬರೆಯದವರಿಗೆ ಪಾಸ್‌ವರ್ಡ್ ಇಲ್ಲ. ಮಕ್ಕಳು ಅವರನ್ನು ಬೈದುಕೊಂಡೇ ಕಲಿಯುತ್ತಾರೆ. ಪಟಾಕಿ ಈಗ ದೊಡ್ಡ ಶಾಲೆಗೆ ಹೋಗುತ್ತಾಳೆ. ನಗರಸಭೆ ಕಲ್ಲು ಹಾಸಿದ ಅದೇ ದಾರಿಯಲ್ಲಿ, ಮೇಷ್ಟ್ರ ಮನೆಯ ಕಿಟಕಿಯ ಮುಂದೆಯೇ, ನಮಸ್ಕಾರವಿಲ್ಲದೆ.

ದಾರಿ ಬಿಟ್ಟ ಕೆಲವು ತಿಂಗಳಿಗೆ ಬೈಕಿನ ಹುಡುಗರು ಆ ಇಳಿಜಾರನ್ನು ಕಂಡುಹಿಡಿದರು. ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ಕೂತವರ ಕಾಲಿನ ಪಕ್ಕದಲ್ಲೇ ಬುರ್ರೆಂದು ಹಾಯಲು ಶುರು ಮಾಡಿದರು. ಮೇಷ್ಟ್ರು ಒಂದು ಹಲಗೆ ತಂದು, ಬಿಳಿ ಬಳಿದು, ಬ್ರಷ್ಷು ಹಿಡಿದು ಮುತ್ತಿನಂಥ ಅಕ್ಷರಗಳಲ್ಲಿ "ವಾಹನಗಳಿಗೆ ಪ್ರವೇಶವಿಲ್ಲ" ಎಂದು ಬರೆದು ತಿರುವಿನಲ್ಲಿ ನೆಟ್ಟರು. ಹುಡುಗರು ಅದನ್ನು ಓದಿ, ಮೆಚ್ಚಿ, ಹಾಯ್ದು ಹೋದರು. ಅಂದು ಸಂಜೆಯಿಂದ ಮೇಷ್ಟ್ರು ತಮ್ಮ ಕುರ್ಚಿಯನ್ನು ಇಳಿಜಾರಿನ ನಡುಮಧ್ಯಕ್ಕೆ ತಂದು ಹಾಕಿಕೊಂಡರು.

"ದಾರಿ ಬಿಡಿ ಅಂಕಲ್" ಅಂದ ಮೊದಲು ಬಂದವನು.

"ಇಳಿದು ತಳ್ಕೊಂಡು ಹೋಗು."

"ಇದು ನಿಮ್ಮಪ್ಪಂದಾ ದಾರಿ?"

"ನನ್ನ ಹೆಂಡ್ತೀದು ಕಣೋ" ಅಂದರು ಮೇಷ್ಟ್ರು. ಕಾಲು ಚಾಚಿ, ಇನ್ನೂ ಭದ್ರವಾಗಿ ಕೂತರು.